ಔಟ್‌ಬೋರ್ಡ್ ಎಂಜಿನ್ನಿನ ಗೇರ್ ಕೇಸಿಗೆ ನೀರು ನುಗ್ಗುವುದು: ಪತ್ತೆ ಮತ್ತು ದುರಸ್ತಿ

ಕರ್ನಾಟಕದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವಾಗ ಕಡಲಿಗಿಳಿಯಲು ಅವಕಾಶವಿರುವುದು 10 ಅಶ್ವಶಕ್ತಿಯವರೆಗಿನ ಎಂಜಿನ್ ಅಳವಡಿಸಿದ ನಾಡದೋಣಿಗಳಿಗೆ. ಆ ಎರಡು ತಿಂಗಳ ದುಡಿಮೆಯೆಲ್ಲ ದೋಣಿಯ ಹಿಂಬದಿಗೆ ತಗುಲಿಸುವ ಆ ಪುಟ್ಟ ಔಟ್‌ಬೋರ್ಡ್ ಎಂಜಿನ್ನಿನ ಮೇಲೆಯೇ ನಿಂತಿರುತ್ತದೆ. ಎಂಜಿನ್ನಿನ ತಲೆಭಾಗವನ್ನು ಎಲ್ಲರೂ ಮುತುವರ್ಜಿಯಿಂದ ನೋಡಿಕೊಳ್ಳುತ್ತಾರೆ. ಆದರೆ ಫ್ಯಾನನ್ನು (ಪ್ರೊಪೆಲ್ಲರನ್ನು) ತಿರುಗಿಸುವ ಗೇರುಗಳನ್ನು ಹೊತ್ತು, ಸದಾ ಉಪ್ಪುನೀರಿನಲ್ಲಿ ಮುಳುಗಿಯೇ ಕೆಲಸ ಮಾಡುವ ಗೇರ್ ಕೇಸಿನ ನೆನಪಾಗುವುದು ಗೇರು ಕಿರುಗುಟ್ಟಲು ಆರಂಭಿಸಿದ ಮೇಲೆ. ಅಷ್ಟು ಹೊತ್ತಿಗೆ ಬೇರಿಂಗುಗಳು ತುಕ್ಕು ಹಿಡಿದಿರುತ್ತವೆ, ಗೇರಿನ ಹಲ್ಲುಗಳು ಸವೆದಿರುತ್ತವೆ, ಶಾಫ್ಟಿನ ಸುತ್ತ ಕೂತು ನೀರನ್ನು ತಡೆಯುವ, ಕೆಲವು ನೂರು ರೂಪಾಯಿಯ ಆಯಿಲ್ ಸೀಲಿನಲ್ಲಿ ಮುಗಿಯಬೇಕಾಗಿದ್ದ ಕೆಲಸ ಸಾವಿರಾರು ರೂಪಾಯಿಗೆ ಏರಿರುತ್ತದೆ.

ಮೊದಲು ನೀರು ಸೇರಿದೆಯೇ ಎಂಬುದನ್ನು ಖಚಿತಪಡಿಸಿಕೊಳ್ಳಬೇಕು. ಎಂಜಿನ್ನನ್ನು ಸ್ಟ್ಯಾಂಡಿನ ಮೇಲೆ ನೆಟ್ಟಗೆ ನಿಲ್ಲಿಸಿ ಒಂದು ರಾತ್ರಿ ಅಲುಗಾಡಿಸದೆ ಬಿಡಿ. ನೀರು ಆಯಿಲಿಗಿಂತ ಭಾರವಾದ್ದರಿಂದ ಕೇಸಿನ ತಳದಲ್ಲಿ ಬೇರ್ಪಟ್ಟು ನಿಲ್ಲುತ್ತದೆ. ಬೆಳಿಗ್ಗೆ ಕೆಳಗಡೆಯ ಡ್ರೈನ್ ಸ್ಕ್ರೂವನ್ನು ಪೂರ್ತಿ ತೆಗೆಯದೆ ಒಂದೆರಡು ಸುತ್ತು ಮಾತ್ರ ಸಡಿಲಿಸಿ, ಪಾರದರ್ಶಕ ಬಾಟಲಿಯೊಂದನ್ನು ಹಿಡಿಯಿರಿ. ಮೊದಲು ತೊಟ್ಟಿಕ್ಕುವುದು ನೀರಾದರೆ ಸಂಶಯಕ್ಕೆ ಎಡೆಯಿಲ್ಲ. ನೀರು ಪ್ರತ್ಯೇಕವಾಗಿ ಬಾರದಿದ್ದರೂ ಆಯಿಲ್ ಹಾಲು ಹೆಚ್ಚಾದ ಚಹಾದ ಬಣ್ಣಕ್ಕೆ ತಿರುಗಿದ್ದರೆ, ಓಡುವ ಗೇರುಗಳು ನೀರನ್ನೂ ಆಯಿಲನ್ನೂ ಕಡೆದು ಒಂದಾಗಿಸಿವೆ ಎಂದೇ ಅರ್ಥ. ಸ್ಕ್ರೂವಿನ ತುದಿಯಲ್ಲಿ ಅಯಸ್ಕಾಂತವಿದ್ದರೆ ಅದನ್ನು ಒರೆಸಿ ನೋಡಿ: ನುಣ್ಣನೆಯ ಬೂದು ಲೇಪ ಸಹಜವಾದದ್ದು, ಬೆರಳಿಗೆ ಚುಚ್ಚುವ ಲೋಹದ ಚೂರುಗಳು ಸಹಜವಲ್ಲ. ಚೂರುಗಳು ಸಿಕ್ಕಿದರೆ ಸೀಲು ಬದಲಿಸುವುದಷ್ಟೇ ಸಾಲದು, ಒಳಭಾಗವನ್ನು ಬಿಚ್ಚಿ ನೋಡಲೇಬೇಕು.

ನೀರು ಕಂಡೊಡನೆ ಅದೇ ದಿನ ಆಯಿಲನ್ನು ಪೂರ್ತಿ ಬಸಿದು ಹೊಸ ಆಯಿಲ್ ತುಂಬಿಸಿಡಬೇಕು, ದುರಸ್ತಿಗೆ ಸಮಯವಿಲ್ಲದಿದ್ದರೂ ಸರಿ. ಉಪ್ಪುನೀರು ಬೆರೆತ ಆಯಿಲಿನಲ್ಲಿ ವಾರಗಟ್ಟಲೆ ನಿಂತ ಬೇರಿಂಗಿಗೆ ಆಗುವ ಹಾನಿ, ಓಡುವಾಗ ಆಗುವ ಹಾನಿಗಿಂತ ಕಡಿಮೆಯದಲ್ಲ. ಆದರೆ ಇದು ತಾತ್ಕಾಲಿಕ ರಕ್ಷಣೆ ಮಾತ್ರ. ನೀರು ಬರುವ ದಾರಿಯನ್ನು ಕಂಡುಹಿಡಿಯದೆ ಪದೇ ಪದೇ ಆಯಿಲ್ ಬದಲಿಸುವುದು, ಅಥವಾ ಅಂದಾಜಿನ ಮೇಲೆ ಕೈಗೆ ಸಿಕ್ಕ ಒಂದು ಸೀಲನ್ನು ಬದಲಿಸುವುದು, ಹಣವನ್ನೂ ಎಂಜಿನ್ನನ್ನೂ ಕಳೆದುಕೊಳ್ಳುವ ದಾರಿ.

ನೀರು ಒಳಸೇರುವ ಬಗೆಯನ್ನು ಅರಿತರೆ ಹುಡುಕಾಟ ಸುಲಭವಾಗುತ್ತದೆ. ಓಡುವಾಗ ಗೇರ್ ಕೇಸ್ ಬಿಸಿಯೇರಿ ಒಳಗಿನ ಗಾಳಿ ಹಿಗ್ಗುತ್ತದೆ, ದುರ್ಬಲವಾದ ಸೀಲಿನ ಮೂಲಕ ಸ್ವಲ್ಪ ಹೊರಹೋಗುತ್ತದೆ. ಎಂಜಿನ್ ನಿಲ್ಲಿಸಿ ಕೇಸು ತಣ್ಣೀರಿನಲ್ಲಿ ತಣಿದಾಗ ಗಾಳಿ ಕುಗ್ಗಿ, ಅದೇ ಕಿಂಡಿಯಿಂದ ನೀರನ್ನು ಒಳಗೆಳೆದುಕೊಳ್ಳುತ್ತದೆ. ಆಯಿಲ್ ಹೊರಗೆ ಸೋರದಿದ್ದರೂ ನೀರು ಒಳಗೆ ಸೇರಿರುವುದು ಸಾಧ್ಯ ಎಂಬುದಕ್ಕೆ ಇದೇ ಕಾರಣ.

ಸೋರಿಕೆಯ ಸ್ಥಳಗಳು ಬೆರಳೆಣಿಕೆಯಷ್ಟೇ: ಮೇಲಿನ ಮತ್ತು ಕೆಳಗಿನ ಸ್ಕ್ರೂಗಳ ವಾಷರ್, ಫ್ಯಾನಿನ ಶಾಫ್ಟಿನ ಸೀಲುಗಳು, ವಾಟರ್ ಪಂಪಿನ ಅಡಿಯಲ್ಲಿರುವ ಡ್ರೈವ್ ಶಾಫ್ಟ್ (ಎಂಜಿನ್ನಿನಿಂದ ಗೇರುಗಳಿಗೆ ಇಳಿಯುವ ಶಾಫ್ಟ್) ಸೀಲುಗಳು, ಗೇರ್ ಹಾಕುವ ಸರಳಿನ ಸೀಲು, ಫ್ಯಾನಿನ ಶಾಫ್ಟನ್ನು ಹೊತ್ತ ಬೇರಿಂಗ್ ಹೌಸಿಂಗಿನ ಓ-ರಿಂಗ್, ಮತ್ತು ಅಪರೂಪಕ್ಕೆ ಕಲ್ಲಿಗೆ ತಾಗಿ ಕೇಸಿನಲ್ಲೇ ಮೂಡಿದ ಬಿರುಕು. ವಾಷರಿನ ಬೆಲೆ ಅತಿ ಕಡಿಮೆ, ತಪ್ಪು ಅದರದ್ದೇ ಆಗಿರುವುದು ಬಹಳ ಸಾಮಾನ್ಯ. ಚಪ್ಪಟೆಯಾದ ಹಳೆಯ ವಾಷರನ್ನೇ ಮತ್ತೆ ಹಾಕಿ ಬಿಗಿದರೆ ಅದು ನೀರನ್ನು ತಡೆಯುವುದಿಲ್ಲ. ಪ್ರತಿ ಸಲ ಆಯಿಲ್ ಬದಲಿಸುವಾಗಲೂ ಎರಡೂ ವಾಷರುಗಳು ಹೊಸದಾಗಿರಲಿ.

ನಮ್ಮ ಕಡಲಿನಲ್ಲಿ ವಾಷರಿನ ನಂತರ ಅನುಮಾನಿಸಬೇಕಾದದ್ದು ಫ್ಯಾನಿನ ಸೀಲನ್ನು. ಸ್ಪಾರ್ಕ್ ಪ್ಲಗ್ಗಿನ ವಯರನ್ನು ಕಡ್ಡಾಯವಾಗಿ ಕಳಚಿದ ಮೇಲೆ ಸ್ಪ್ಲಿಟ್ ಪಿನ್ನು, ನಟ್ಟು, ಫ್ಯಾನು, ಅದರ ಹಿಂದಿನ ದಪ್ಪ ವಾಷರುಗಳನ್ನು ಒಂದೊಂದಾಗಿ ತೆಗೆದು, ತೆಗೆದ ಕ್ರಮದಲ್ಲೇ ಬಟ್ಟೆಯ ಮೇಲೆ ಜೋಡಿಸಿಡಿ. ಶಾಫ್ಟು ಕೇಸಿನೊಳಗೆ ಹೋಗುವ ಜಾಗದಲ್ಲಿ ಬಲೆಯ ನೂಲೋ ತಂಗೂಸಿ ದಾರವೋ ಬಿಗಿಯಾಗಿ ಸುತ್ತಿಕೊಂಡಿರುವುದು ಹಲವು ಸಲ ಕಾಣಸಿಗುತ್ತದೆ. ಸವೆದು ಶಾಫ್ಟಿನ ಬಣ್ಣಕ್ಕೇ ತಿರುಗಿದ ಆ ಎಳೆ ಮೇಲ್ನೋಟಕ್ಕೆ ತಿಳಿಯದು. ಟಾರ್ಚು ಹಿಡಿದು, ಸೂಜಿಯ ಮೊನೆಯಿಂದ ಮೆಲ್ಲಗೆ ಕೆದಕಿದಾಗಲೇ ಅದು ಸುರುಳಿಯಾಗಿ ಬಿಚ್ಚಿಕೊಳ್ಳುತ್ತದೆ. ಶಾಫ್ಟಿನೊಂದಿಗೆ ತಿರುಗುವ ದಾರ ಸೀಲಿನ ರಬ್ಬರ್ ಅಂಚನ್ನು ಕತ್ತರಿಸಿ ಹಾಕುತ್ತದೆ. ಬಲೆ ಫ್ಯಾನಿಗೆ ಸಿಲುಕಿದ ಪ್ರತಿ ಸಂದರ್ಭದ ನಂತರವೂ, ದಡಕ್ಕೆ ಬಂದೊಡನೆ ಫ್ಯಾನು ಬಿಚ್ಚಿ ನೋಡುವ ಪದ್ಧತಿ ಇಟ್ಟುಕೊಳ್ಳುವುದು ಒಳ್ಳೆಯದು.

ಕಣ್ಣಿಗೆ ಕಾಣದ ಸೋರಿಕೆಗೆ ಗಾಳಿಯ ಪರೀಕ್ಷೆಯೇ ಆಧಾರ, ಮತ್ತು ಇದನ್ನು ಬಿಡಿಭಾಗಗಳನ್ನು ಬಿಚ್ಚುವ ಮುನ್ನವೇ ಮಾಡಬೇಕು. ಆಯಿಲನ್ನು ಬಸಿದು, ಕೆಳಗಿನ ಸ್ಕ್ರೂವನ್ನು ಹೊಸ ವಾಷರಿನೊಂದಿಗೆ ಬಿಗಿದು, ಮೇಲಿನ ರಂಧ್ರಕ್ಕೆ ಅದರ ಸ್ಕ್ರೂವಿನದ್ದೇ ಥ್ರೆಡ್ ಇರುವ ಅಡಾಪ್ಟರ್ ಸಿಕ್ಕಿಸಿ, ಗೇಜ್ ಇರುವ ಕೈಪಂಪಿನಿಂದ ಗಾಳಿ ತುಂಬಿಸಿ. ಕಂಪ್ರೆಸರನ್ನು ನೇರವಾಗಿ ಜೋಡಿಸಬಾರದು. ಕ್ಷಣಮಾತ್ರದಲ್ಲಿ ಒತ್ತಡ ಏರಿ ಒಳ್ಳೆಯ ಸೀಲುಗಳೂ ಹಾಳಾಗುತ್ತವೆ. ಮೊದಲು 5 ಪಿಎಸ್‌ಐ (ಚದರ ಇಂಚಿಗೆ ಪೌಂಡ್ ಲೆಕ್ಕದ ಒತ್ತಡ)ನಲ್ಲಿ ಕೆಲವು ನಿಮಿಷ ನಿಲ್ಲಿಸಿ ನೋಡಿ, ಅನಂತರ 10ಕ್ಕೆ ಏರಿಸಿ. ನಿಮ್ಮ ಎಂಜಿನ್ನಿನ ಸರ್ವಿಸ್ ಕೈಪಿಡಿ ಬೇರೆ ಮಿತಿಯನ್ನು ಹೇಳಿದ್ದರೆ ಅದನ್ನೇ ಪಾಲಿಸಿ. ಗೇಜಿನ ಮುಳ್ಳು ಇಳಿಯುತ್ತಿದ್ದರೆ ಸಾಬೂನು ನೀರನ್ನು ಹಚ್ಚಿ, ಅಥವಾ ಕೇಸನ್ನು ಕಳಚಿದ್ದರೆ ನೀರು ತುಂಬಿದ ಡ್ರಮ್ಮಿನಲ್ಲಿ ಮುಳುಗಿಸಿ, ಗುಳ್ಳೆ ಎಲ್ಲಿಂದ ಏಳುತ್ತದೆಂದು ಗಮನಿಸಿ. ಶಾಫ್ಟುಗಳನ್ನು ನಿಧಾನವಾಗಿ ತಿರುಗಿಸುತ್ತಲೂ ನೋಡಬೇಕು, ಏಕೆಂದರೆ ಕೆಲವು ಸೀಲುಗಳು ಶಾಫ್ಟಿನ ಒಂದು ಕೋನದಲ್ಲಷ್ಟೇ ಸೋರುತ್ತವೆ. ಡ್ರೈವ್ ಶಾಫ್ಟನ್ನು ಮೇಲಿನಿಂದ ನೋಡಿದಾಗ ಗಡಿಯಾರದ ಮುಳ್ಳು ಚಲಿಸುವ ದಿಕ್ಕಿನಲ್ಲಿ ಮಾತ್ರ ತಿರುಗಿಸಿ. ಹಿಮ್ಮುಖವಾಗಿ ತಿರುಗಿಸಿದರೆ ವಾಟರ್ ಪಂಪಿನೊಳಗೆ ತಿರುಗುವ ರಬ್ಬರ್ ಚಕ್ರದ (ಇಂಪೆಲ್ಲರಿನ) ರೆಕ್ಕೆಗಳು ಮಡಚಿಕೊಳ್ಳುತ್ತವೆ.

ಒಳಗಿನ ಒತ್ತಡವು ಒಳಮುಖವಾಗಿರುವ ಸೀಲಿನ ಅಂಚನ್ನು ಶಾಫ್ಟಿಗೆ ಇನ್ನಷ್ಟು ಒತ್ತಿ ಹಿಡಿಯುವುದರಿಂದ ದೋಷ ಮರೆಯಾಗಬಹುದು. ಆದ್ದರಿಂದಲೇ 5 ಪಿಎಸ್‌ಐ ಹಂತವನ್ನು ಬಿಡಬಾರದು, ಮತ್ತು ಸಾಧ್ಯವಿದ್ದರೆ ವ್ಯಾಕ್ಯೂಮ್ ಪಂಪಿನಿಂದ ಗಾಳಿ ಹೀರಿಯೂ ಪರೀಕ್ಷಿಸಬೇಕು. ಆಗ ಸಂಶಯವಿರುವ ಜಾಗಕ್ಕೆ ಆಯಿಲ್ ಸವರಿದರೆ, ಸೋರುವ ಸೀಲು ಅದನ್ನು ಒಳಗೆಳೆದುಕೊಳ್ಳುತ್ತದೆ.

ಸೀಲು ಬದಲಿಸುವಾಗ ಹಳೆಯದನ್ನು ಕೀಳುವ ಮುನ್ನ ಅದರ ಅಂಚು ಯಾವ ಕಡೆಗೆ ಮುಖ ಮಾಡಿದೆ, ಎಷ್ಟು ಆಳದಲ್ಲಿ ಕೂತಿದೆ ಎಂಬುದರ ಫೋಟೊ ತೆಗೆದಿಟ್ಟುಕೊಳ್ಳಿ. ಫ್ಯಾನಿನ ಶಾಫ್ಟಿಗೆ ಸಾಮಾನ್ಯವಾಗಿ ಎರಡು ಸೀಲುಗಳಿರುತ್ತವೆ. ಕೆಲವು ಎಂಜಿನ್ನುಗಳಲ್ಲಿ ಒಂದು ಆಯಿಲಿನ ಕಡೆಗೂ ಇನ್ನೊಂದು ನೀರಿನ ಕಡೆಗೂ ಮುಖ ಮಾಡಿದರೆ, ಇನ್ನು ಕೆಲವದರಲ್ಲಿ ಎರಡೂ ನೀರಿನ ಕಡೆಗೇ ಇರುತ್ತವೆ. ಉಪ್ಪು ಕಚ್ಚಿಕೊಂಡು ಹೌಸಿಂಗ್ ಹೊರಬಾರದಿದ್ದರೆ ಸುತ್ತಿಗೆಯಿಂದ ಬಡಿಯಬೇಡಿ. ಪುಲ್ಲರ್ ಹಾಕಿ, ಕೇಸಿನ ಹೊರಮೈಯನ್ನು ಹದವಾಗಿ ಬಿಸಿಮಾಡಿ ಎಳೆಯಿರಿ. ಹೊಸ ಸೀಲನ್ನು ಅದರ ಹೊರಸುತ್ತಿಗೆ ಹೊಂದುವ ಸಾಕೆಟ್ಟನ್ನು ಇಟ್ಟು ಓರೆಯಾಗದಂತೆ ಕೂರಿಸಿ, ಅಂಚುಗಳ ನಡುವೆ ಮೆರೈನ್ ಗ್ರೀಸ್ ತುಂಬಿ. ಓ-ರಿಂಗ್ ಕೂಡ ಹೊಸದೇ ಇರಲಿ.

ಆದರೆ ಅದಕ್ಕೂ ಮೊದಲು ಶಾಫ್ಟಿನ ಮೇಲೆ ಉಗುರು ಎಳೆದು ನೋಡಬೇಕು. ಸೀಲು ಉಜ್ಜಿದ ಜಾಗದಲ್ಲಿ ಉಗುರು ಸಿಕ್ಕಿಹಾಕಿಕೊಳ್ಳುವಷ್ಟು ಗೀರು ಬಿದ್ದಿದ್ದರೆ ಹೊಸ ಸೀಲು ಕೂಡ ಬೇಗನೆ ಸೋರುತ್ತದೆ. ತೆಳುವಾದ ರಿಪೇರಿ ಸ್ಲೀವ್ ಹಾಕಬೇಕು, ಇಲ್ಲವೇ ಶಾಫ್ಟನ್ನೇ ಬದಲಿಸಬೇಕು. ಶಾಫ್ಟಿನ ತುದಿಯ ಬಳಿ ತಂತಿಯೊಂದನ್ನು ಅಲುಗದಂತೆ ಹಿಡಿದು ತಿರುಗಿಸಿದಾಗ ನಡುವಿನ ಅಂತರ ಹೆಚ್ಚುಕಡಿಮೆಯಾದರೆ ಶಾಫ್ಟು ಬಾಗಿದೆ ಎಂದರ್ಥ, ಅದಕ್ಕೆ ಬದಲಾವಣೆಯೇ ಪರಿಹಾರ.

ಜೋಡಿಸಿದ ಮೇಲೆ ಮತ್ತೊಮ್ಮೆ ಗಾಳಿಯ ಪರೀಕ್ಷೆ ಮಾಡಿ, ಮುಳ್ಳು ಕದಲದಿದ್ದರೆ ಮಾತ್ರ ಆಯಿಲ್ ತುಂಬಿಸಿ. ಕೈಪಿಡಿ ಸೂಚಿಸಿದ ಹೈಪಾಯ್ಡ್ ಗೇರ್ ಆಯಿಲನ್ನು ಕೆಳಗಿನ ರಂಧ್ರದಿಂದಲೇ ತುಂಬಬೇಕು, ಆಗ ಗಾಳಿ ಒಳಗೆ ಸಿಕ್ಕಿಕೊಳ್ಳದೆ ಮೇಲಿನ ರಂಧ್ರದಿಂದ ಹೊರಹೋಗುತ್ತದೆ. ಮೇಲಿನಿಂದ ಆಯಿಲ್ ಗುಳ್ಳೆಯಿಲ್ಲದೆ ಹರಿದಾಗ ಮೊದಲು ಮೇಲಿನ ಸ್ಕ್ರೂವನ್ನು ಬಿಗಿದು, ಅನಂತರ ಬಾಟಲಿಯ ನಳಿಕೆ ತೆಗೆದು ಕೆಳಗಿನದನ್ನು ಬೇಗನೆ ಹಾಕಿ. ಕಡಲಿಗೆ ಹೋಗಿಬಂದ ಮೇಲೆ ರಾತ್ರಿಯಿಡೀ ನಿಲ್ಲಿಸಿ, ಡ್ರೈನ್ ಸ್ಕ್ರೂ ಸಡಿಲಿಸಿ ನಾಲ್ಕು ಹನಿ ನೋಡಿ. ಅದು ಶುದ್ಧವಾಗಿದ್ದರೆ ಮುಂದೆ 100 ಗಂಟೆಗಳ ಓಟಕ್ಕೋ ಆರು ತಿಂಗಳಿಗೋ, ಯಾವುದು ಮೊದಲೋ ಆಗ ಆಯಿಲ್ ಬದಲಿಸಿ. ಬಸಿದ ಆಯಿಲನ್ನು ಅಳಿವೆಗೆ ಸುರಿಯದೆ ಡಬ್ಬಿಯಲ್ಲಿ ಕೂಡಿಟ್ಟು ಹಳೆ ಆಯಿಲ್ ಕೊಳ್ಳುವವರಿಗೆ ಕೊಡಿ.