ಎರಡು ವಿಮಾನ ನಿಲ್ದಾಣಗಳ ನಡುವಿನ ದೂರ, ಪ್ರಯಾಣದ ಸಮಯ: ಲೆಕ್ಕ ಹಾಕುವ ಬಗೆ

ಊರಿನ ಹೆಸರು ಹಿಡಿದು ಲೆಕ್ಕಕ್ಕೆ ಕೂರಬೇಡಿ. ಲಂಡನ್ ಎಂದರೆ ಹೀಥ್ರೂ, ಗ್ಯಾಟ್‌ವಿಕ್, ಸ್ಟ್ಯಾನ್‌ಸ್ಟೆಡ್ ಯಾವುದೂ ಆಗಬಹುದು. ಪ್ರತಿ ನಿಲ್ದಾಣವನ್ನು ಗುರುತಿಸುವ ಮೂರಕ್ಷರದ ಐಎಟಿಎ ಕೋಡ್ ನೋಡಿ, ಆ ನಿಲ್ದಾಣದ್ದೇ ಅಕ್ಷಾಂಶ, ರೇಖಾಂಶ ಬರೆದುಕೊಳ್ಳಿ. ಹೀಥ್ರೂ: ಉತ್ತರ 51.47, ಪಶ್ಚಿಮ 0.45. ನ್ಯೂಯಾರ್ಕಿನ ಕೆನಡಿ: ಉತ್ತರ 40.64, ಪಶ್ಚಿಮ 73.78. ದಕ್ಷಿಣ ಮತ್ತು ಪಶ್ಚಿಮಕ್ಕೆ ಮೈನಸ್ ಚಿಹ್ನೆ ಹಾಕಬೇಕು.

ಹೆಚ್ಚಿನವರು ಎಡವುವುದು ಇಲ್ಲೇ. 51 ಡಿಗ್ರಿ 28 ನಿಮಿಷ ಎಂದರೆ 51.28 ಅಲ್ಲ. 28ನ್ನು 60ರಿಂದ ಭಾಗಿಸಿದರೆ 0.47, ಆದ್ದರಿಂದ 51.47. ಇದೊಂದು ತಪ್ಪಿದರೆ ನಿಲ್ದಾಣವೇ 21 ಕಿ.ಮೀ. ದಕ್ಷಿಣಕ್ಕೆ ಜಾರಿಬಿಡುತ್ತದೆ.

ಭೂಮಿ ಗುಂಡಗಿರುವುದರಿಂದ ನಕ್ಷೆಯ ಮೇಲೆ ಸ್ಕೇಲ್ ಇಟ್ಟು ಅಳೆದದ್ದು ನಡೆಯದು. ಗೋಳದ ಮೇಲಿನ ಎರಡು ಬಿಂದುಗಳ ನಡುವಿನ ಕನಿಷ್ಠ ದೂರ ಕೊಡುವ ಹ್ಯಾವರ್‌ಸೈನ್ ಸೂತ್ರ ಬೇಕು. ಅಕ್ಷಾಂಶಗಳ ವ್ಯತ್ಯಾಸದ ಅರ್ಧಕ್ಕೆ ಸೈನ್ ತೆಗೆದು ವರ್ಗ ಮಾಡಿ: 0.0089. ರೇಖಾಂಶಗಳಿಗೂ ಹಾಗೇ ಮಾಡಿ, ಬಂದದ್ದನ್ನು ಎರಡೂ ಅಕ್ಷಾಂಶಗಳ ಕೊಸೈನ್‌ಗಳಿಂದ ಗುಣಿಸಿ: 0.1685. ಕೂಡಿದರೆ 0.1774, ವರ್ಗಮೂಲ 0.4212, ಅದರ ವಿಲೋಮ ಸೈನ್ 24.91 ಡಿಗ್ರಿ, ಎರಡರಷ್ಟು 49.82. ಡಿಗ್ರಿಗೆ 111.19 ಕಿ.ಮೀ.ಯಂತೆ ಸುಮಾರು 5,540 ಕಿ.ಮೀ. ಭೂಮಿ ಪೂರ್ತಿ ಗೋಳವಲ್ಲ, ಹಾಗಾಗಿ ಅರ್ಧ ಶೇಕಡಾದಷ್ಟು ಹೆಚ್ಚುಕಮ್ಮಿ ಇದ್ದೇ ಇರುತ್ತದೆ. ಎಕ್ಸೆಲ್‌ನಲ್ಲಿ ಮಾಡುವವರು ಡಿಗ್ರಿಯನ್ನು ರೇಡಿಯನ್‌ಗೆ ಬದಲಿಸಲು ಮರೆತರೆ ಅರ್ಥವಿಲ್ಲದ ಉತ್ತರ ಬರುತ್ತದೆ. ವಿಮಾನಯಾನದಲ್ಲಿ ದೂರ ಅಳೆಯುವ ಒಂದು ನಾಟಿಕಲ್ ಮೈಲಿ 1.852 ಕಿ.ಮೀ.; ಅದನ್ನು 1.609 ಕಿ.ಮೀ.ಯ ಸಾಮಾನ್ಯ ಮೈಲಿಯೆಂದು ತಿಳಿದರೆ ಲೆಕ್ಕದಲ್ಲಿ ಶೇ. 13ರಷ್ಟು ದೂರ ಕಳೆದುಹೋಗುತ್ತದೆ.

ದೂರದ ಉತ್ತರ ಒಂದೇ. ಸಮಯದ್ದು ಹಾಗಲ್ಲ, ಹೋಗುವಾಗ ಒಂದು, ಬರುವಾಗ ಇನ್ನೊಂದು. ದೊಡ್ಡ ಜೆಟ್ ಗಾಳಿಯಲ್ಲಿ ಗಂಟೆಗೆ ಸುಮಾರು 900 ಕಿ.ಮೀ. ಸಾಗುತ್ತದೆ, ಆದರೆ ಆ ಗಾಳಿಯೇ ಚಲಿಸುತ್ತಿರುತ್ತದೆ. ಅಟ್ಲಾಂಟಿಕ್ ಮೇಲೆ ಬಹಳ ಎತ್ತರದಲ್ಲಿ ಹರಿಯುವ ಬಲವಾದ ಗಾಳಿ, ಅಂದರೆ ಜೆಟ್ ಸ್ಟ್ರೀಮ್, ಪಶ್ಚಿಮದಿಂದ ಪೂರ್ವಕ್ಕೆ ಬೀಸುತ್ತದೆ. ಗಾಳಿಯ ವೇಗ ಸರಾಸರಿ ಗಂಟೆಗೆ 100 ಕಿ.ಮೀ. ಎಂದು ಹಿಡಿದರೆ ಲಂಡನ್ ಕಡೆಗೆ 5,540ನ್ನು 1,000ದಿಂದ ಭಾಗಿಸಿ: 5 ಗಂಟೆ 32 ನಿಮಿಷ. ನ್ಯೂಯಾರ್ಕ್ ಕಡೆಗೆ 800ರಿಂದ: 6 ಗಂಟೆ 56 ನಿಮಿಷ. ಏರುವಾಗ, ಇಳಿಯುವಾಗ ವೇಗ ಕಡಿಮೆ, ಅದಕ್ಕೆ ಹೋಗುವ, ಬರುವ ಎರಡೂ ಸಮಯಗಳಿಗೆ ತಲಾ ಅರ್ಧ ಗಂಟೆ ಸೇರಿಸಿ. ಟಿಕೆಟ್ಟಿನಲ್ಲಿರುವುದು ಗೇಟಿನಿಂದ ಗೇಟಿಗೆ ಹಿಡಿಯುವ ಸಮಯ. ರನ್‌ವೇವರೆಗಿನ ಓಡಾಟ, ಸರದಿಯ ಕಾಯುವಿಕೆಗೆಂದು ಮತ್ತೆ ಅರ್ಧ ಗಂಟೆ ಇಡಿ, ದಟ್ಟಣೆಯ ನಿಲ್ದಾಣಗಳಲ್ಲಿ ಇನ್ನೂ ಹೆಚ್ಚು. ವಾಯುಪ್ರದೇಶ ಮುಚ್ಚಿದ್ದರೆ ಸುತ್ತು ಬಳಸಬೇಕಾಗುತ್ತದೆ. ಆಗ ಮೇಲಿನ ಕನಿಷ್ಠ ದೂರವನ್ನು ಬಿಟ್ಟು, ನಿಜವಾದ ಮಾರ್ಗದ ದೂರ ಹಿಡಿಯಿರಿ.

ಕೊನೆಯ ತೊಡಕು ಗಡಿಯಾರದ್ದು. ಟಿಕೆಟ್ಟಿನ ಎರಡೂ ಸಮಯ ಆಯಾ ಸ್ಥಳದ್ದು. ಜನವರಿಯಲ್ಲಿ ನ್ಯೂಯಾರ್ಕ್ ಬಿಡುವುದು ರಾತ್ರಿ 9, ಲಂಡನ್ ಸೇರುವುದು ಮರುದಿನ ಬೆಳಿಗ್ಗೆ 9 ಎಂದಿದ್ದರೆ ಪ್ರಯಾಣ 12 ಗಂಟೆಯದ್ದಲ್ಲ. ಎರಡನ್ನೂ ಯುಟಿಸಿಗೆ, ಅಂದರೆ ಜಗತ್ತಿಗೆಲ್ಲ ಒಂದೇ ಆದ ಪ್ರಮಾಣ ಸಮಯಕ್ಕೆ ಬದಲಿಸಿ. ಜನವರಿಯಲ್ಲಿ ಲಂಡನ್ ಗಡಿಯಾರ ಯುಟಿಸಿಯಷ್ಟೇ, ನ್ಯೂಯಾರ್ಕಿನದು ಅದಕ್ಕಿಂತ ಐದು ಗಂಟೆ ಹಿಂದೆ: ಬಿಟ್ಟದ್ದು ನಸುಕಿನ 2, ಸೇರಿದ್ದು 9, ಅಂದರೆ 7 ಗಂಟೆ. ಈ ಐದು ಗಂಟೆಯ ಅಂತರವನ್ನೂ ಬಾಯಿಪಾಠ ಮಾಡಬೇಡಿ. ಬೇಸಿಗೆಗೆಂದು ಅಮೆರಿಕದಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಿಡುವುದು ಮಾರ್ಚ್‌ನ ಎರಡನೇ ಭಾನುವಾರ, ಬ್ರಿಟನ್ನಿನಲ್ಲಿ ಕೊನೆಯ ಭಾನುವಾರ. ನಡುವಿನ ಆ ದಿನಗಳಲ್ಲಿ ಅಂತರ ನಾಲ್ಕೇ ಗಂಟೆ.