ಎಳೆ ಮಗುವಿನ ಹಾರ್ಮೋನ್ ತೊಂದರೆ: ಏನು ಗಮನಿಸಬೇಕು, ಔಷಧಿ ಹೇಗೆ ಕೊಡಬೇಕು

ಮಗು ಹುಟ್ಟಿದ ಮೇಲೆ ಹಿಮ್ಮಡಿಗೆ ಚುಚ್ಚಿ ಕೆಲವು ಹನಿ ರಕ್ತ ತೆಗೆಯುತ್ತಾರಲ್ಲ, ಆ ಪರೀಕ್ಷೆ ಆಗಿದೆಯಾ ಅಂತ ಮೊದಲು ಕೇಳಿ. ಆಗಿಲ್ಲ ಅಂದ್ರೆ ಮಾಡಿಸಿ. ಆಗಿದ್ದರೆ ರಿಪೋರ್ಟ್ ಕೈಗೆ ತಗೊಳ್ಳಿ. ತೊಂದರೆ ಇದ್ದರೆ ಆಸ್ಪತ್ರೆಯವರೇ ಫೋನ್ ಮಾಡುತ್ತಾರೆ ಅಂತ ಸುಮ್ನೆ ಕೂರಬೇಡಿ.

ಇಷ್ಟು ಒತ್ತಿ ಹೇಳಲು ಕಾರಣ ಇದೆ. ಸುಮಾರು 2,000ದಿಂದ 4,000 ಮಕ್ಕಳಲ್ಲಿ ಒಂದು ಮಗುವಿಗೆ ಹುಟ್ಟಿನಿಂದಲೇ ಥೈರಾಯ್ಡ್ ಹಾರ್ಮೋನ್ ಕಡಿಮೆ ಇರುತ್ತದೆ. ಕೆಲವರಲ್ಲಿ ಗ್ರಂಥಿಯೇ ಬೆಳೆದಿರುವುದಿಲ್ಲ, ಕೆಲವರಲ್ಲಿ ಅದು ಇರಬೇಕಾದ ಜಾಗದಲ್ಲಿ ಇರುವುದಿಲ್ಲ, ಇನ್ನು ಕೆಲವರಲ್ಲಿ ಗ್ರಂಥಿ ಇದ್ದರೂ ಕೆಲಸ ಮಾಡುವುದಿಲ್ಲ. ಆದರೆ ಹೊಟ್ಟೆಯಲ್ಲಿದ್ದಾಗ ತಾಯಿಯ ಹಾರ್ಮೋನ್ ಒಂದಿಷ್ಟು ಸಿಕ್ಕಿರುತ್ತದೆ, ಹಾಗಾಗಿ ಹುಟ್ಟಿದಾಗ ಹೆಚ್ಚಿನ ಮಕ್ಕಳು ನೋಡೋಕೆ ಚೆನ್ನಾಗೇ ಇರುತ್ತಾರೆ. ಲಕ್ಷಣ ಕಾಣಲಿ ಅಂತ ಕಾದರೆ ಅಷ್ಟರಲ್ಲಿ ಮಿದುಳಿನ ಬೆಳವಣಿಗೆಗೆ ಪೆಟ್ಟು ಬಿದ್ದಿರಬಹುದು. ಮೊದಲ ಎರಡು ವಾರದೊಳಗೆ ಮಾತ್ರೆ ಶುರುವಾದರೆ ಹೆಚ್ಚಿನ ಮಕ್ಕಳು ಬೇರೆಯವರ ಹಾಗೇ ಓದಿ ಆಡಿ ಬೆಳೆಯುತ್ತಾರೆ. ಇಷ್ಟು ಸುಲಭವಾಗಿ ತಪ್ಪಿಸಬಹುದಾದ ಬುದ್ಧಿಮಾಂದ್ಯ ಬೇರೆ ಇಲ್ಲ ಅಂತಲೇ ನನ್ನ ಅನಿಸಿಕೆ.

ಥೈರಾಯ್ಡನ್ನು ಕೆಲಸಕ್ಕೆ ಹಚ್ಚುವ ಹಾರ್ಮೋನ್‌ಗೆ ಟಿಎಸ್‌ಎಚ್ ಅಂತಾರೆ. ಹುಟ್ಟಿದ ಮೊದಲ ದಿನ ಟಿಎಸ್‌ಎಚ್ ತಾನಾಗಿಯೇ ಏರಿ ಇಳಿಯುತ್ತದೆ. ಅದಕ್ಕೇ ಸಾಮಾನ್ಯವಾಗಿ 48ರಿಂದ 72 ಗಂಟೆಯ ನಡುವೆ ರಕ್ತ ತೆಗೆಯುವುದು. ಬೇಗ ಮನೆಗೆ ಕಳಿಸುತ್ತಾರೆ ಅಂತ ಮೊದಲ ದಿನವೇ ತೆಗೆದಿದ್ದರೆ, ಅಥವಾ ಮಗು ಅವಧಿಗೆ ಮುಂಚೆ ಹುಟ್ಟಿದ್ದರೆ, ತೂಕ ತೀರಾ ಕಡಿಮೆ ಇದ್ದರೆ, ಅವಳಿ ಆಗಿದ್ದರೆ, ಇನ್ನೊಂದು ಸಲ ಪರೀಕ್ಷೆ ಬೇಕಾ ಅಂತ ನೀವೇ ಕೇಳಿ.

ಪರೀಕ್ಷೆ ಸರಿ ಬಂದಿದ್ದರೂ ಕಣ್ಣಿಟ್ಟಿರಿ, ಯಾಕಂದ್ರೆ ಟಿಎಸ್‌ಎಚ್ ಮಾಡುವ, ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯ ತೊಂದರೆಯಿಂದ ಬರುವ ಥೈರಾಯ್ಡ್ ಕೊರತೆ ಬರೀ ಟಿಎಸ್‌ಎಚ್ ನೋಡಿದರೆ ಸಿಗುವುದಿಲ್ಲ. ಕಾಮಾಲೆ ಎರಡು ವಾರ ದಾಟಿದರೂ ಹೋಗಿಲ್ಲ, ಹಾಲು ಕುಡಿಯಲು ಎಬ್ಬಿಸಿ ಎಬ್ಬಿಸಿ ಸಾಕಾಗುತ್ತದೆ, ಅಳು ಗೊಗ್ಗರು, ಮಲ ಗಟ್ಟಿ, ಮೈ ತಣ್ಣಗೆ, ನಾಲಿಗೆ ದಪ್ಪ, ಹೊಕ್ಕುಳು ಉಬ್ಬಿದೆ, ಹೀಗೆ ಎರಡು ಮೂರು ಸೇರಿ ಕಂಡರೆ ಡಾಕ್ಟರಿಗೆ ತೋರಿಸಿ. "ಪಾಪ, ಎಷ್ಟು ಒಳ್ಳೆ ಮಗು, ಅಳೋದೇ ಇಲ್ಲ" ಅಂತ ಮನೆಗೆ ಬಂದವರು ಹೊಗಳಿದರೆ ಒಂದು ಕ್ಷಣ ಯೋಚಿಸಿ.

ಮಾತ್ರೆ ಕೊಡುವ ವಿಷಯಕ್ಕೆ ಬರೋಣ, ಎಡವಟ್ಟು ಜಾಸ್ತಿ ಆಗುವುದು ಇಲ್ಲೇ. ಕೊರತೆಯಾದ ಥೈರಾಯ್ಡ್ ಹಾರ್ಮೋನ್ ತುಂಬಲು ಕೊಡುವ ಲಿವೋಥೈರಾಕ್ಸಿನ್ ಮಾತ್ರೆಯನ್ನು ದಿನಾ ಒಂದೇ ಹೊತ್ತಿಗೆ ಕೊಡಿ. ಎರಡು ಚಮಚದ ನಡುವೆ ಒತ್ತಿ ನುಣ್ಣಗೆ ಪುಡಿ ಮಾಡಿ, ಸ್ವಲ್ಪೇ ಸ್ವಲ್ಪ ನೀರು ಅಥವಾ ಎದೆಹಾಲಿನಲ್ಲಿ ಕಲಸಿ, ಚಮಚದಲ್ಲೋ ಸೂಜಿ ಇಲ್ಲದ ಸಿರಿಂಜಿನಲ್ಲೋ ಕೆನ್ನೆಯ ಒಳಗೆ ನಿಧಾನಕ್ಕೆ ಬಿಡಿ, ಆಮೇಲೆ ಚಮಚದಲ್ಲಿ ಉಳಿದ ಪುಡಿಗೆ ಇನ್ನೊಂದು ಹನಿ ಹಾಲು ಹಾಕಿ ಅದನ್ನೂ ಕುಡಿಸಿ. ಇಡೀ ಬಾಟಲಿ ಹಾಲಿಗೆ ಹಾಕಬೇಡಿ. ಮಗು ಅರ್ಧಕ್ಕೆ ಬಿಟ್ಟರೆ ಎಷ್ಟು ಔಷಧಿ ಹೋಯಿತು ಅಂತ ಯಾರಿಗೂ ಗೊತ್ತಾಗುವುದಿಲ್ಲ. ನಾಳೆಗೆ ಅಂತ ಕಲಸಿಡುವುದೂ ಬೇಡ. ಕಬ್ಬಿಣ, ಕ್ಯಾಲ್ಸಿಯಂ, ಸೋಯಾ ಇವು ಮಾತ್ರೆ ಮೈಗೆ ಹತ್ತದಂತೆ ತಡೆಯುತ್ತವೆ. ಇವುಗಳಲ್ಲಿ ಯಾವುದಾದರೂ ಕೊಡುತ್ತಿದ್ದರೆ ಎಷ್ಟು ಗಂಟೆ ಅಂತರ ಬಿಡಬೇಕು ಅಂತ ಕೇಳಿಕೊಳ್ಳಿ. ಮಾತ್ರೆ ಕೊಟ್ಟ ಕೂಡಲೇ ವಾಂತಿ ಆದರೆ ಮತ್ತೆ ಕೊಡಬೇಕಾ ಅನ್ನುವುದನ್ನೂ ಮೊದಲೇ ಬರೆಸಿಕೊಳ್ಳಿ.

ಡೋಸ್ ದಿನಕ್ಕೆ ಕಿಲೋ ತೂಕಕ್ಕೆ 10ರಿಂದ 15 ಮೈಕ್ರೋಗ್ರಾಂ ಲೆಕ್ಕದಲ್ಲಿ ಶುರುವಾಗುತ್ತದೆ. ಮಗು ಬೆಳೆದ ಹಾಗೆ ಬದಲಾಗುತ್ತಾ ಹೋಗುತ್ತದೆ. ಶುರು ಮಾಡಿ ಒಂದೆರಡು ವಾರಕ್ಕೆ ರಕ್ತ ಪರೀಕ್ಷೆ, ಆಮೇಲೆ ಮೊದಲ ವರ್ಷವೆಲ್ಲಾ ಆಗಾಗ. ಪರೀಕ್ಷೆಯ ದಿನ ರಕ್ತ ತೆಗೆದ ಮೇಲೆ ಮಾತ್ರೆ ಕೊಡುವುದು ಒಳ್ಳೆಯದು. ಮಗು ಚುರುಕಾಯಿತು, ಇನ್ನು ಸಾಕು ಅಂತ ನಿಲ್ಲಿಸಬೇಡಿ. ಆ ಚುರುಕು ಬಂದಿರುವುದೇ ಮಾತ್ರೆಯಿಂದ. ನಿಲ್ಲಿಸಿ ನೋಡಬಹುದಾ ಅನ್ನುವ ಪ್ರಶ್ನೆ ಸಾಮಾನ್ಯವಾಗಿ 3 ವರ್ಷ ತುಂಬಿದ ಮೇಲೆ, ಅದೂ ಡಾಕ್ಟರ ಕಣ್ಣೆದುರಿಗೆ. ಸ್ಕ್ಯಾನ್‌ನಲ್ಲಿ ಗ್ರಂಥಿಯೇ ಇಲ್ಲ ಅಂತ ಗೊತ್ತಾಗಿದ್ದರೆ ಆ ಪ್ರಶ್ನೆಯೇ ಇಲ್ಲ, ಮಾತ್ರೆ ಜೀವನಪೂರ್ತಿ.

ಥೈರಾಯ್ಡ್ ವಿಷಯದಲ್ಲಿ ದಿನಗಳ ಲೆಕ್ಕ, ಅಡ್ರಿನಲ್ ವಿಷಯದಲ್ಲಿ ಗಂಟೆಗಳದ್ದು. ಕಿಡ್ನಿ ಮೇಲಿನ ಈ ಪುಟ್ಟ ಗ್ರಂಥಿಗೆ ಕಾರ್ಟಿಸೋಲ್ ಅನ್ನುವ ಹಾರ್ಮೋನ್ ಮಾಡಲು ಬೇಕಾದ ಕಿಣ್ವ ಹುಟ್ಟಿನಿಂದಲೇ ಇಲ್ಲದಿದ್ದರೆ ಮೈಯ ಉಪ್ಪು ಮೂತ್ರದಲ್ಲಿ ಸೋರಿ ಹೋಗುತ್ತದೆ. ಹೆಣ್ಣುಮಗುವಾದರೆ ಜನನಾಂಗ ಬೇರೆ ಥರ ಕಾಣುವುದರಿಂದ ಬೇಗ ಸಂಶಯ ಬರುತ್ತದೆ, ಗಂಡುಮಗು ಮಾಮೂಲಾಗಿ ಕಾಣುತ್ತಾನೆ, ಅಪಾಯ ಇರುವುದು ಅಲ್ಲೇ. ಹುಟ್ಟಿ ಒಂದರಿಂದ ಮೂರು ವಾರದ ಒಳಗೆ ವಾಂತಿ, ತೂಕ ಇಳಿಯುವುದು, ಹಾಲು ಬಿಡುವುದು, ಮಂಕು ಇವೆಲ್ಲ ಒಟ್ಟಿಗೆ ಬಂದರೆ ಬೆಳಗಾಗಲಿ ಅಂತ ಕಾಯಬೇಡಿ. ತುರ್ತು ವಿಭಾಗಕ್ಕೆ ಹೋಗಿ, ಸೋಡಿಯಂ, ಪೊಟ್ಯಾಶಿಯಂ, ಸಕ್ಕರೆ ನೋಡಿ ಅಂತ ಬಾಯಿಬಿಟ್ಟು ಕೇಳಿ. ಈ ಕಾಯಿಲೆ ಗೊತ್ತಾಗಿ, ಕಾರ್ಟಿಸೋಲ್ ಬದಲಿಗೆ ಕೊಡುವ ಹೈಡ್ರೋಕಾರ್ಟಿಸೋನ್ ಶುರುವಾಗಿದ್ದರೆ, ಜ್ವರ ಬಂದಾಗ ಡೋಸ್ ಎಷ್ಟು ಹೆಚ್ಚಿಸಬೇಕು, ವಾಂತಿಯಾಗಿ ಔಷಧಿ ನಿಲ್ಲದಿದ್ದರೆ ಇಂಜೆಕ್ಷನ್ ಹೇಗೆ ಕೊಡಬೇಕು ಅನ್ನುವುದನ್ನು ಬರೆಸಿ, ಒಂದು ಪ್ರತಿ ಮಗುವನ್ನು ನೋಡಿಕೊಳ್ಳುವ ಪ್ರತಿಯೊಬ್ಬರ ಹತ್ತಿರವೂ ಇಡಿ.

ಸಕ್ಕರೆ ಕಾಯಿಲೆ ಇಷ್ಟು ಚಿಕ್ಕವರಿಗೂ ಬರುತ್ತದೆ. ಡೈಪರ್ ಪದೇ ಪದೇ ಭಾರವಾಗುತ್ತಿದೆ, ಮಗು ನೀರಿಗೆ ಹಾತೊರೆಯುತ್ತಿದೆ, ತೂಕ ಇಳಿಯುತ್ತಿದೆ ಅಂದರೆ ಅವತ್ತೇ ಬೆರಳಿಗೆ ಚುಚ್ಚಿ ಸಕ್ಕರೆ ನೋಡಿಸಿ. ಉಸಿರಾಟ ಜೋರಾಗಿದ್ದರೆ ಸೀದಾ ಆಸ್ಪತ್ರೆಗೆ. 6 ತಿಂಗಳೊಳಗೆ ಈ ಕಾಯಿಲೆ ಬಂದರೆ ಜೀನ್ ಪರೀಕ್ಷೆ ತಪ್ಪಿಸಬೇಡಿ, ಕೆಲವು ಮಕ್ಕಳಿಗೆ ಇನ್ಸುಲಿನ್ ಬದಲು ಮಾತ್ರೆಯೇ ಸಾಕಾಗುತ್ತದೆ.

ಎತ್ತರವನ್ನೂ ಬರೆದಿಡಿ. ಮೊದಲ ವರ್ಷ ಸುಮಾರು 25 ಸೆಂಟಿಮೀಟರ್, ಎರಡನೇ ವರ್ಷ ಸುಮಾರು 12, ಆಮೇಲೆ ವರ್ಷಕ್ಕೆ 6ರಿಂದ 8, ಹೀಗೆ ಮಗು ಬೆಳೆಯುತ್ತದೆ. ಎರಡು ವರ್ಷದವರೆಗೆ ಮಲಗಿಸಿ ಅಳೆಯಬೇಕು. ಪಕ್ಕದ ಮನೆ ಮಗುವಿಗಿಂತ ಕುಳ್ಳು ಅನ್ನುವುದು ಮುಖ್ಯ ಅಲ್ಲ, ಬೆಳವಣಿಗೆಯ ಚಾರ್ಟಿನಲ್ಲಿ ತನ್ನದೇ ಗೆರೆಯಿಂದ ಕೆಳಗೆ ಜಾರುತ್ತಿದೆಯಾ ಅನ್ನುವುದು ಮುಖ್ಯ. ಅದಕ್ಕೇ ಹಳೆಯ ಅಳತೆಗಳ ಚೀಟಿ ಎಸೆಯಬೇಡಿ, ಹಾರ್ಮೋನ್ ತಜ್ಞರು ಮೊದಲು ಕೇಳುವುದೇ ಅದನ್ನು.