ಫೈನಾನ್ಷಿಯಲ್ ಅಡ್ವೈಸರ್ ಆಗ್ಬೇಕಾ? ಕೋರ್ಸಿಗೆ ದುಡ್ಡು ಕಟ್ಟೋಕೆ ಮುಂಚೆ ಇಷ್ಟು ಓದ್ಕೊಳಿ

ಈ ಲೈನಿಗೆ ಬರ್ಬೇಕು ಅನ್ನೋರು ಮೊದ್ಲು ಕೇಳೋದೇ ಸಿಎಫ್‌ಎ (ಚಾರ್ಟರ್ಡ್ ಫೈನಾನ್ಷಿಯಲ್ ಅನಲಿಸ್ಟ್) ಮಾಡ್ಲಾ ಸಿಎಫ್‌ಪಿ (ಸರ್ಟಿಫೈಡ್ ಫೈನಾನ್ಷಿಯಲ್ ಪ್ಲಾನರ್) ಮಾಡ್ಲಾ ಅಂತ. ಸ್ವಲ್ಪ ತಡೀರಿ. ಲೈಸೆನ್ಸ್ ಬೇರೆ, ಸರ್ಟಿಫಿಕೇಟ್ ಬೇರೆ. ಲೈಸೆನ್ಸೋ ರಿಜಿಸ್ಟ್ರೇಷನ್ನೋ ಕೊಡೋದು ಆಯಾ ದೇಶದ ರೆಗ್ಯುಲೇಟರು, ಅದಿಲ್ದೆ ಫೀಸ್ ತಗೊಂಡು ಹೂಡಿಕೆ ಸಲಹೆ ಕೊಡೋಕೆ ಬಹಳಷ್ಟು ಕಡೆ ಕಾನೂನೇ ಬಿಡಲ್ಲ, ಹಾಗಾಗಿ ಅವ್ರು ಯಾವ ಡಿಗ್ರಿ, ಯಾವ ಪರೀಕ್ಷೆ, ಎಷ್ಟು ವರ್ಷದ ಅನುಭವ ಕೇಳ್ತಾರೆ ಅಂತ ಅವ್ರ ವೆಬ್‌ಸೈಟಲ್ಲೇ ನೋಡಿ, ಕೋಚಿಂಗ್ ಸೆಂಟರ್ ಜಾಹೀರಾತಲ್ಲಿ ಅಲ್ಲ.

ಆಮೇಲೆ ಸರ್ಟಿಫಿಕೇಟು. ಜನರ ಎದುರು ಕೂತು ಸಾಲ, ಇನ್ಶೂರೆನ್ಸ್, ಟ್ಯಾಕ್ಸ್, ರಿಟೈರ್ಮೆಂಟ್, ವಿಲ್ಲು ಎಲ್ಲಾ ಸೇರಿಸಿ ಪ್ಲಾನ್ ಮಾಡೋದು ಇಷ್ಟ ಅಂದ್ರೆ ಸಿಎಫ್‌ಪಿ. ಪರೀಕ್ಷೆ ಪಾಸಾದ ಮಾತ್ರಕ್ಕೆ ಹೆಸರಿನ ಪಕ್ಕ ಹಾಕ್ಕೊಳೋ ಹಾಗಿಲ್ಲ, ಕೆಲ್ಸದ ಅನುಭವ ತೋರಿಸ್ಬೇಕು, ನೀತಿಸಂಹಿತೆಗೂ ಒಪ್ಕೋಬೇಕು. ಸಿಎಫ್‌ಎ ದಾರಿ ಬೇರೆ: 3 ಲೆವೆಲ್, ಒಂದೊಂದಕ್ಕೂ ಸುಮಾರು 300 ಗಂಟೆ ಓದು, ಜೊತೆಗೆ ಕನಿಷ್ಠ 36 ತಿಂಗಳಲ್ಲಿ 4,000 ಗಂಟೆ ಅನುಭವ. ಬ್ಯಾಲೆನ್ಸ್ ಶೀಟ್, ಬಾಂಡು, ಪೋರ್ಟ್‌ಫೋಲಿಯೋ ಅಂದ್ರೆ ಜೀವ ಅನ್ನೋರಿಗೆ ಅದು. ಸಂಸಾರಗಳ ಲೆಕ್ಕ ನೋಡೋಕೆ ಅಷ್ಟು ಬೇಕಿಲ್ಲ ಅಂತ ನನ್ನ ಅಭಿಪ್ರಾಯ.

ಇನ್ನು ಯಾರೂ ಕೇಳದೇ ಇರೋ ಪ್ರಶ್ನೆ: ನಿಮ್ಗೆ ದುಡ್ಡು ಕೊಡೋರು ಯಾರು? ಕ್ಲೈಂಟು ಬಂದು "ಕೈಯಲ್ಲಿ ಒಂದಿಷ್ಟು ದುಡ್ಡಿದೆ, ಸಾಲ ತೀರಿಸ್ಲಾ, ಹೂಡಿಕೆ ಮಾಡ್ಲಾ" ಅಂತಾರೆ ಅನ್ಕೊಳಿ. ಕಮಿಷನ್ ಮೇಲೆ ಬದುಕೋರಿಗೆ ಸಾಲ ತೀರಿಸಿದ್ರೆ ಒಂದು ಪೈಸೆ ಹುಟ್ಟಲ್ಲ. ಹೂಡಿಕೆ ಮೊತ್ತದ ಮೇಲೆ ಪರ್ಸೆಂಟ್ ತಗೊಳೋರ್ಗೂ ಅದೇ ಕಥೆ, ಇದನ್ನ ಮಾತ್ರ ಎಷ್ಟೋ ಜನ ಮರೀತಾರೆ! ಗಂಟೆ ಲೆಕ್ಕದಲ್ಲೋ ಪ್ಲಾನಿಗಿಷ್ಟು ಅಂತಲೋ ಫೀಸ್ ತಗೊಂಡ್ರೆ ಈ ಎಳೆದಾಟ ಕಮ್ಮಿ, ಆದ್ರೆ ಶುರುವಲ್ಲಿ ಕ್ಲೈಂಟ್ ಸಿಗೋದು ಕಷ್ಟ. ಕೆಲ್ಸಕ್ಕೆ ಸೇರೋ ಇಂಟರ್‌ವ್ಯೂನಲ್ಲೇ ಸೇಲ್ಸ್ ಟಾರ್ಗೆಟ್ ಇದ್ಯಾ ಅಂತ ಬಾಯಿಬಿಟ್ಟು ಕೇಳಿ.

ಮೊದ್ಲ ಎರಡು ಮೂರು ವರ್ಷ ಸೀನಿಯರ್ ಒಬ್ರ ಕೈಕೆಳಗೆ ಇದ್ರೆ ಒಳ್ಳೇದು. ಡೇಟಾ ಹಾಕೋದು, ರಿಪೋರ್ಟ್ ಮಾಡೋದು ಬೋರೇ, ಒಪ್ತೀನಿ, ಆದ್ರೆ ಮಾರ್ಕೆಟ್ ಬಿದ್ದ ದಿನ ಗಾಬರಿಯಾಗಿ ಫೋನ್ ಮಾಡೋ ಕ್ಲೈಂಟ್ ಹತ್ರ ಹೆಂಗೆ ಮಾತಾಡ್ಬೇಕು ಅನ್ನೋದನ್ನ ಪಕ್ಕದಲ್ಲಿ ಕೂತು ಕೇಳಿಸ್ಕೊಂಡೇ ಕಲೀಬೇಕು, ಅದಕ್ಕೆ ಸಿಲಬಸ್ ಇಲ್ಲ. ಮೊದ್ಲ ಪ್ಲಾನ್ ಮಾತ್ರ ನಿಮ್ಮನೇದೇ ಮಾಡಿ ನೋಡಿ.